ಭಾನುವಾರದ ಮಾಂಗಾ, ಡೈರಿಯ ಚೀಟಿ

ಭಾನುವಾರ ರಾತ್ರಿ ಎಂಟೂವರೆ ಅಂದರೆ ನಮ್ಮ ಪಿ.ಜಿ.ಯ ರೂಮಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್. ಬೆಳಿಗ್ಗೆ ಕೋಚಿಂಗ್ ಸೆಂಟರಿನಲ್ಲಿ ಬರೆದ ವಾರದ ಟೆಸ್ಟಿನ ರ‍್ಯಾಂಕ್ ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬೀಳುವುದು ಆ ಹೊತ್ತಿಗೇ. ಜಪಾನಿನಲ್ಲಿ ಆಗ ನಡುರಾತ್ರಿ ಕಳೆದು ಸೋಮವಾರ ಹುಟ್ಟಿರುತ್ತದೆ. ಆ ವಾರದ ಹೊಸ ಮಾಂಗಾ ಅಧ್ಯಾಯಗಳು ಬರುವುದೂ ಆ ಹೊತ್ತಿಗೇ. ನಾನು ಮೊದಲು ಯಾವುದನ್ನು ತೆರೆಯುತ್ತಿದ್ದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರ‍್ಯಾಂಕ್ ಪಟ್ಟಿ ಎಲ್ಲಿಗೂ ಓಡಿಹೋಗುವುದಿಲ್ಲ. ಅದರಲ್ಲಿ ನನ್ನ ಹೆಸರು ಹುಡುಕಲು ಬೆರಳು ಕೆಳಗೆ ಕೆಳಗೆ ಎಳೆಯುತ್ತಲೇ ಇರಬೇಕಿತ್ತು.

ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ ನನ್ನದು. ಬಿ.ಕಾಂ. ಮುಗಿಸಿ ಬೆಂಗಳೂರಿನ ವಿಜಯನಗರಕ್ಕೆ ಬಂದು ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ. ಎಫ್‌ಡಿಎ, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಹೀಗೆ ಕರೆದ ಹುದ್ದೆಗೆಲ್ಲ ಅರ್ಜಿ ಹಾಕಿದೆ. ವಿಜಯನಗರದಲ್ಲಿ ಓದುವವರಿಗೆ ಅಲ್ಲಿನ ದಿನಚರಿ ಗೊತ್ತು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ರಾತ್ರಿವರೆಗೆ ತಿಂಗಳಿಗೆ ದುಡ್ಡು ಕಟ್ಟಿ ಕೂರುವ ರೀಡಿಂಗ್ ರೂಮು, ನಡುವೆ ಒಂದು ಬೈಟು ಕಾಫಿ. ಈ ಬದುಕಿನೊಳಗೆ ಮಾಂಗಾ ತಂದವಳು ಗದಗಿನಿಂದ ಬಂದ ನನ್ನ ರೂಮ್‌ಮೇಟ್. 'ಒಂದ್ ಅಧ್ಯಾಯ ಅಷ್ಟ, ಇಪ್ಪತ್ ಪುಟ. ಓದ್ ನೋಡವಾ, ತಲಿ ಹಗುರಾಗ್ತದ' ಅಂದಳು. ಒಂದು ಅಧ್ಯಾಯ ಅಂತ ಶುರುವಾದದ್ದು ಎರಡು ವರ್ಷವಾದರೂ ನಿಂತಿಲ್ಲ.

ವಾರಕ್ಕೊಂದು ಪರೀಕ್ಷೆ ಅವರಿಗೂ

ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಬಹಳ ಜನ ಅನಿಮೆ ನೋಡಿ ಈ ಕಡೆ ಬರುತ್ತಾರೆ. ಮೂಲ ಮಾತ್ರ ಹೆಚ್ಚಾಗಿ ಪತ್ರಿಕೆಯದು. ನಾವು ಕಾಯುವ ಕಥೆಗಳಲ್ಲಿ ಹಲವು ಬರುವುದು 'ವೀಕ್ಲಿ ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ. ಅದು ಶುರುವಾದದ್ದು 1968ರಲ್ಲಿ, ವಾರಪತ್ರಿಕೆಯಾದದ್ದು 1969ರಲ್ಲಿ. 1990ರ ದಶಕದ ನಡುವೆ, 'ಡ್ರ್ಯಾಗನ್ ಬಾಲ್' ಮತ್ತು 'ಸ್ಲ್ಯಾಮ್ ಡಂಕ್' ಎರಡೂ ಬರುತ್ತಿದ್ದ ಕಾಲಕ್ಕೆ, ಅದರ ಒಂದೇ ಸಂಚಿಕೆ 65 ಲಕ್ಷ ಪ್ರತಿ ದಾಟಿತ್ತು. ಕಾಗದದ ಮಾರಾಟ ಈಗ ಆ ಎತ್ತರದಲ್ಲಿಲ್ಲ. ಆದರೆ 2019ರ ಜನವರಿಯಲ್ಲಿ ಪ್ರಕಾಶಕರಾದ ಶುಯೇಶಾದವರೇ 'ಮಾಂಗಾ ಪ್ಲಸ್' ತಂದಮೇಲೆ, ಟೋಕಿಯೊದವರು ಓದುವ ದಿನವೇ ವಿಜಯನಗರದ ನಾವೂ ಹೊಸ ಅಧ್ಯಾಯವನ್ನು ಇಂಗ್ಲಿಷ್‌ನಲ್ಲಿ ಪುಕ್ಕಟೆ ಓದಬಹುದು.

ಅಮೆರಿಕದ ಕಾಮಿಕ್ಸ್ ಲೆಕ್ಕ ಬೇರೆ. ಅಲ್ಲಿ ಒಂದು ಸರಣಿಯ ಸಂಚಿಕೆ ಬರುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಆದರೆ ಪ್ರತಿ ಬುಧವಾರ ಯಾವುದೋ ಕೆಲವು ಸರಣಿಗಳ ಹೊಸ ಕಂತು ಅಂಗಡಿಗೆ ಬಂದೇ ಬರುತ್ತದೆ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ಗಳ ಡಿ.ಸಿ. ಕಂಪನಿ 2020ರಲ್ಲಿ ಮಂಗಳವಾರಕ್ಕೆ ಹೋಗಿ, 2024ರಲ್ಲಿ ಮತ್ತೆ ಬುಧವಾರಕ್ಕೇ ಮರಳಿತು. ನಮ್ಮೂರಿನ ಸಂತೆಯ ಹಾಗೆ, ಇಂಥ ವಾರ ಅಂದಮೇಲೆ ಇಂಥ ವಾರವೇ.

ಜಂಪ್‌ನ ವ್ಯವಸ್ಥೆ ಗೊತ್ತಾದಾಗ ನನಗೆ ನಗು ಬಂತು, ಆಮೇಲೆ ಹೊಟ್ಟೆ ಚುರ್ರೆಂದಿತು. ಪತ್ರಿಕೆಯ ಜೊತೆ ಒಂದು ಅಂಚೆ ಕಾರ್ಡು ಬರುತ್ತದೆ. ಆ ಸಂಚಿಕೆಯಲ್ಲಿ ಇಷ್ಟವಾದ ಮೂರು ಕಥೆ ಯಾವುವು ಅಂತ ಓದುಗರು ಬರೆದು ಕಳಿಸಬೇಕು. ಸಂಪಾದಕರು ಈ ಎಣಿಕೆ ನೋಡುತ್ತಾರೆ. ತಳದಲ್ಲೇ ಉಳಿದ ಕಥೆಯನ್ನು ಮುಲಾಜಿಲ್ಲದೆ ನಿಲ್ಲಿಸುತ್ತಾರೆ. ಹತ್ತು ವಾರದಲ್ಲೇ ಮುಗಿದ ಸರಣಿಗಳಿವೆ. ಅದಕ್ಕೆ ಅಲ್ಲಿನ ಓದುಗರಲ್ಲಿ 'ಹತ್ತು ವಾರದ ಕತ್ತರಿ' ಎಂಬರ್ಥದ ಮಾತೇ ಇದೆ. ಅಂದರೆ ವಾರಕ್ಕೊಂದು ಟೆಸ್ಟು, ರ‍್ಯಾಂಕು ನಮಗೆ ಮಾತ್ರ ಅಲ್ಲ. ಚಿತ್ರ ಬರೆಯುವವರಿಗೂ ಅದೇ ಗತಿ.

ವಾರಕ್ಕೆ ಸುಮಾರು 19 ಪುಟ. ಮೊದಲು ಪೆನ್ಸಿಲಿನಲ್ಲಿ ಒರಟು ಕರಡು, ಅದನ್ನು ಸಂಪಾದಕರಿಗೆ ತೋರಿಸಿ ತಿದ್ದಬೇಕು. ಆಮೇಲೆ ಚಿತ್ರ, ಅದರ ಮೇಲೆ ಶಾಯಿ. ಹಿನ್ನೆಲೆಯ ಕಟ್ಟಡ, ಮರ, ಜನರ ಗುಂಪಿಗೆ ಸಹಾಯಕರು. ಒಂದು ವಾರ ಮುಗಿಯುವಾಗ ಮುಂದಿನ ವಾರ ಬಾಗಿಲಲ್ಲಿ ನಿಂತಿರುತ್ತದೆ. ಐಇಚಿರೊ ಓಡಾ ಅವರು 'ಒನ್ ಪೀಸ್' ಶುರು ಮಾಡಿದ್ದು 1997ರ ಜುಲೈನಲ್ಲಿ. ನಾನಾಗ ಹುಟ್ಟಿಯೇ ಇರಲಿಲ್ಲ. ಈಗ ಅದು ಸಾವಿರದ ನೂರು ಅಧ್ಯಾಯ ದಾಟಿದೆ. 2023ರಲ್ಲಿ ಅವರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಕೆಲವು ವಾರ ಬಿಡುವು ತೆಗೆದುಕೊಂಡರು. 'ಹಂಟರ್ ಎಕ್ಸ್ ಹಂಟರ್' ಬರೆಯುವ ಯೋಶಿಹಿರೊ ತೊಗಾಶಿ ಅವರ ಬೆನ್ನು ನೋವು ಎಷ್ಟೆಂದರೆ, ಕುರ್ಚಿಯಲ್ಲಿ ಕೂರಲಾಗದೆ ಮಲಗಿಕೊಂಡೇ ಚಿತ್ರ ಬರೆದದ್ದುಂಟು. ಅವರ ಕಥೆ ಈಗ ವಾರವಾರ ಬರುವುದಿಲ್ಲ.

ಅಮ್ಮನ ದಬ್ಬಳ, ಗೋಣಿದಾರ

'ವಾರಕ್ಕೆ ಇಪ್ಪತ್ತು ಪುಟಕ್ಕೋಸ್ಕರ ಏಳು ದಿನ ಕಾಯೋದಾ? ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಓದಬಹುದಲ್ಲ' ಅಂತ ನನ್ನ ಇನ್ನೊಬ್ಬ ರೂಮ್‌ಮೇಟ್ ಕೇಳುತ್ತಿದ್ದಳು. ಅವಳಿಗೆ ಕಾಯುವ ಸುಖ ಗೊತ್ತಿಲ್ಲ. ನನಗೆ ಅದು ಅಮ್ಮನಿಂದ ಬಂದದ್ದು.

ಅಮ್ಮ ಹುಡುಗಿಯಾಗಿದ್ದಾಗ ಅವರೂರಿನ ಮೇಷ್ಟ್ರ ಮನೆಗೆ ವಾರಪತ್ರಿಕೆ ಬರುತ್ತಿತ್ತಂತೆ. ಯಂಡಮೂರಿ ವೀರೇಂದ್ರನಾಥರ ಧಾರಾವಾಹಿಗಳ ಕಾಲ. ಕಂತಿನ ಕೊನೆಗೆ 'ಮುಂದುವರಿಯುವುದು' ಅಂತ ಬಂದರೆ ಅಮ್ಮನಿಗೆ ಆ ವಾರ ಪೂರ್ತಿ ಕೆಲಸದಲ್ಲಿ ಗಮನವಿಲ್ಲ. ಮೇಷ್ಟ್ರ ಮನೆಯವರು ಓದಿ ಮುಗಿಸಿದ ಪತ್ರಿಕೆ ಬೇಡಿ ತಂದು, ಧಾರಾವಾಹಿಯ ಹಾಳೆ ಮಾತ್ರ ಬಿಡಿಸಿ, ಅಷ್ಟೂ ಕಂತು ಕೂಡಿದ ಮೇಲೆ ದಬ್ಬಳದಿಂದ ತೂತು ಮಾಡಿ ಗೋಣಿದಾರದಲ್ಲಿ ಹೊಲಿಯುತ್ತಿದ್ದರು. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಯ ಕೆಳಗೆ ಅಂಥ ಎರಡು 'ಪುಸ್ತಕ' ಬಂದಿದ್ದವು. ಒಂದನ್ನು ಗೆದ್ದಲು ತಿಂದಿದೆ. ಇನ್ನೊಂದು ಈಗಲೂ ಅಟ್ಟದ ಮೇಲಿದೆ.

ಜಪಾನಿನಲ್ಲೂ ಮಾಡುವುದು ಇದನ್ನೇ. ವಾರಪತ್ರಿಕೆಯ ಕಾಗದ ಅಗ್ಗದ್ದು, ಓದಿದ ಮೇಲೆ ರದ್ದಿಗೆ. ಒಂಬತ್ತೋ ಹತ್ತೋ ಅಧ್ಯಾಯ ಕೂಡಿದ ಮೇಲೆ ಒಳ್ಳೆಯ ಕಾಗದದಲ್ಲಿ ಸಂಪುಟ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಆ ಸಂಪುಟಗಳ ಇಂಗ್ಲಿಷ್ ರೂಪ.

ಚಿತ್ರಕಥೆ ಕನ್ನಡಕ್ಕೇನೂ ಹೊಸದಲ್ಲ. ನಮ್ಮ ಅಣ್ಣಂದಿರು ಅಕ್ಕಂದಿರು 'ಬಾಲಮಂಗಳ'ದ ಡಿಂಗನಿಗೆ ಕಾದವರು. 'ಅಮರ ಚಿತ್ರ ಕಥೆ'ಯನ್ನು ಕಟ್ಟಿದ ಅನಂತ ಪೈ ಅವರು ಹುಟ್ಟಿದ್ದು ಕಾರ್ಕಳದಲ್ಲಿ. ಆ ಮಾಲೆಯ ಮೊದಲ ಇಂಗ್ಲಿಷ್ ಪುಸ್ತಕ 'ಕೃಷ್ಣ'ನ ಸಂಖ್ಯೆ 11. ಅದಕ್ಕೆ ಮುಂಚಿನ ಹತ್ತು ಬಂದದ್ದು ಕನ್ನಡದಲ್ಲಿ, ಪಾಶ್ಚಾತ್ಯ ಮಕ್ಕಳ ಕಥೆಗಳಾಗಿ. ಇದು ತಿಳಿದ ದಿನ ನಾನು ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. 'ಮಾಂಗಾ ಪ್ಲಸ್'ನಲ್ಲಿ ಮಾತ್ರ ಕನ್ನಡವಿಲ್ಲ. ಆ ಕೊರತೆಯೇ ಮುಂದೆ ನನ್ನನ್ನು ಉಳಿಸಿತು, ಹೇಳುತ್ತೇನೆ.

'ಈ ವಾರ ದಂಡ'

ಓದಿದ್ದರ ಬಗ್ಗೆ ಬರೆದಿಡುವ ಅಭ್ಯಾಸ ಹೇಗೋ ಬಂತು. ಪ್ರಚಲಿತ ಘಟನೆಗಳ ನೋಟ್‌ಬುಕ್ಕನ್ನು ತಿರುಗಿಸಿ ಹಿಡಿದು ಹಿಂದಿನ ಹಾಳೆಯಿಂದ ಶುರು ಮಾಡಿದೆ. ವಾರ, ಕಥೆಯ ಹೆಸರು, ಒಂದು ಸಾಲಿನ ತೀರ್ಪು. 'ಸೂಪರ್.' 'ಪರವಾಗಿಲ್ಲ.' 'ಈ ವಾರ ದಂಡ.' 'ಇವನಿಗೆ ಕಥೆ ಖಾಲಿ ಆಗಿದೆ.' ಹೀಗೆ ಐದಾರು ತಿಂಗಳು ತೀರ್ಪು ಕೊಟ್ಟೆ. ನನ್ನಷ್ಟು ಕಟ್ಟುನಿಟ್ಟಿನ ವಿಮರ್ಶಕಿ ವಿಜಯನಗರದಲ್ಲಿ ಇರಲಿಲ್ಲ.

ಆ ಹೊತ್ತಿನಲ್ಲಿ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿ ಬಂದೆ. ಮೂರು ಸುತ್ತು ನಡೆಯಿತು. ಎಲ್ಲ ಚೆನ್ನಾಗಿಯೇ ಆಯಿತು ಅಂದುಕೊಂಡಿದ್ದೆ. ಹತ್ತು ದಿನದ ಮೇಲೆ ಎರಡು ಸಾಲಿನ ಇ-ಮೇಲ್ ಬಂತು. ನಿಮ್ಮ ಅರ್ಜಿಯನ್ನು ಮುಂದುವರಿಸುತ್ತಿಲ್ಲ, ಶುಭವಾಗಲಿ. ಯಾಕೆ ಅಂತ ಇಲ್ಲ. ತಿರುಗಿ ಬರೆದು ಕೇಳಿದೆ, ಉತ್ತರವೂ ಇಲ್ಲ. ಇಂಗ್ಲಿಷ್ ಸಾಲದೆ? ಟ್ಯಾಲಿ ಪ್ರಶ್ನೆಗೆ ತಪ್ಪು ಹೇಳಿದೆನೆ? ಹಾಕಿಕೊಂಡು ಹೋದ ಬಟ್ಟೆಯೆ? ಆ ರಾತ್ರಿ ದಿಂಬು ಒದ್ದೆಯಾಯಿತು.

ಮುಂದಿನ ಭಾನುವಾರ ಎಂದಿನಂತೆ ಓದಿ, ಎಂದಿನಂತೆ 'ಈ ವಾರ ದಂಡ' ಅಂತ ಬರೆದೆ. ಪಕ್ಕದಲ್ಲಿ ಕೂತಿದ್ದ ಗದಗಿನವಳು ಇಣುಕಿ ನೋಡಿದಳು.

'ಯಾಕ ದಂಡ?'

'ಏನೂ ನಡೆದೇ ಇಲ್ಲ ಕಣೆ ಇದರಲ್ಲಿ.'

'ಏನೂ ಅಂದ್ರ? ಕಾರಣ ಬರಿಯವಾ. ಆ ಕಂಪನಿಯವ್ರು ಕಾರಣ ಹೇಳಲಿಲ್ಲಂತ ರಾತ್ರಿಯೆಲ್ಲಾ ಅತ್ತೀಯಲ್ಲ.'

ಅವಳು ತಮಾಷೆಗೇ ಅಂದದ್ದು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಅಧ್ಯಾಯವನ್ನು ಮತ್ತೆ ತೆರೆದೆ. ಎರಡನೇ ಸಲ ಓದಿದಾಗ ಕಂಡದ್ದು ಬೇರೆ. ಮುಂದಿನ ದೊಡ್ಡ ಹೋರಾಟಕ್ಕೆ ಬೇಕಾದ ಜನರನ್ನೆಲ್ಲ ಓಡಾ ಅವರು ಒಂದೊಂದೇ ಚೌಕದಲ್ಲಿ ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಲ್ಲಿ ನಿಲ್ಲಿಸಿದ್ದರು. ನಾನು ಹೊಡೆದಾಟ ಹುಡುಕುತ್ತಾ ಅದನ್ನು ದಾಟಿ ಹೋಗಿದ್ದೆ. 'ದಂಡ' ಅನ್ನುವುದನ್ನು ಹೊಡೆದುಹಾಕಿ ಅರ್ಧ ಪುಟ ಬರೆದೆ. ನಿಧಾನವಾಗಿದೆ ಅನ್ನುವ ದೂರು ಹಾಗೇ ಉಳಿಯಿತು. ಆದರೆ ಎಲ್ಲಿ ನಿಧಾನ, ಯಾಕೆ ನಿಧಾನ ಅನ್ನುವುದೂ ಸೇರಿತು.

ಅಂದಿನಿಂದ ಇನ್ನೊಂದು ಕೆಟ್ಟ ಚಾಳಿಯನ್ನೂ ಬಿಟ್ಟೆ. ಪತ್ರಿಕೆ ಹೊರಬರುವ ಮೊದಲೇ ಯಾರೋ ಕದ್ದು ಸ್ಕ್ಯಾನ್ ಮಾಡಿದ ಪುಟಗಳು ವಾರದ ನಡುವೆಯೇ ಹರಿದಾಡುತ್ತವೆ. 2024ರ ಫೆಬ್ರುವರಿಯಲ್ಲಿ ಜಪಾನಿನ ಕುಮಮೊಟೊ ಪೊಲೀಸರು ಇದಕ್ಕಾಗಿಯೇ ಇಬ್ಬರನ್ನು ಬಂಧಿಸಿದ್ದರು. ಮೂರು ದಿನ ಮೊದಲು ಮಸುಕು ಮಸುಕಾದ ಪುಟ ನೋಡಿ, ಅರೆಬರೆ ಅನುವಾದ ಓದಿ, 'ದಂಡ' ಅಂದುಬಿಡುವವರ ಗುಂಪಿನಲ್ಲಿ ನಾನೂ ಇದ್ದೆ. ಪ್ರಶ್ನೆಪತ್ರಿಕೆ ಸೋರಿಕೆಯಾಯಿತು ಎಂದರೆ ಬೀದಿಗಿಳಿಯುವವರು ನಾವು. ಮಲಗಿಕೊಂಡು ಬರೆದವರ ಬೆವರು ಸೋರಿಕೆಯಾದರೆ ಮಾತ್ರ ಬೆರಳು ಸವರುತ್ತಾ ಕೂರುವುದು ಯಾವ ನ್ಯಾಯ?

ಹಸುವಿನ ಮುಖದ ಲೇಖಕಿ

ಎರಡನೇ ಸಲವೂ ಪರೀಕ್ಷೆ ಕೈಕೊಟ್ಟಿತು. ಕಟ್ ಆಫ್‌ಗೆ ಕೆಲವೇ ಅಂಕ ಕಡಿಮೆ. ರಿಸಲ್ಟ್ ನೋಡಿದ ಸಂಜೆ ಅಮ್ಮನ ಫೋನ್ ಬಂದಾಗ, 'ಇನ್ನೂ ಬಂದಿಲ್ಲಮ್ಮ' ಅಂದೆ. ಆ ಒಂದು ಸುಳ್ಳಿಗೆ ವಾರವಾರ ಒಂದೊಂದು ಕಂತು ಸೇರಿಸುತ್ತಾ ಹೋದೆ. 'ಕೋರ್ಟಲ್ಲಿ ಕೇಸ್ ಇದೆ.' 'ಕೀ ಉತ್ತರಕ್ಕೆ ಆಕ್ಷೇಪಣೆ ಬಂದಿದೆ.' ಎರಡು ತಿಂಗಳು ಓಡಿದ ಧಾರಾವಾಹಿ ಅದು. ಹೇಳದಿರಲು ಕಾರಣವಿತ್ತು. ನನ್ನ ಕೋಚಿಂಗ್ ಫೀಸಿಗೆ, ಪಿ.ಜಿ. ಬಾಡಿಗೆಯ ಮುಂಗಡಕ್ಕೆ ಅಪ್ಪ ಕೊಟ್ಟಿಗೆಯಲ್ಲಿದ್ದ ಮೂರು ಹಸುಗಳಲ್ಲಿ ಗೌರಿಯನ್ನು ಮಾರಿದ್ದರು. ಎರಡನೇ ಸೂಲಿನ ಹಸು, ಕರೆಯುವಾಗ ಒದ್ದವಳಲ್ಲ.

ಆ ದಿನಗಳಲ್ಲಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ 'ಸಿಲ್ವರ್ ಸ್ಪೂನ್' ಎಂಬ ಮಾಂಗಾದ ಮೊದಲ ಸಂಪುಟ ಕೈಗೆ ಬಂತು. ಬರೆದವರು ಹಿರೊಮು ಅರಕಾವಾ, 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಬರೆದವರೇ. ಈಕೆ ತನ್ನ ಚಿತ್ರ ಬರೆದುಕೊಳ್ಳುವಾಗ ಕನ್ನಡಕ ಹಾಕಿದ ಹಸುವಾಗಿ ಬರೆದುಕೊಳ್ಳುತ್ತಾರೆ. ಹೊಕ್ಕೈಡೊ ದ್ವೀಪದ ಹೈನುಗಾರರ ಮನೆಯ ಮಗಳು, ಕೃಷಿ ಶಾಲೆಯಲ್ಲಿ ಓದಿ, ಏಳು ವರ್ಷ ಮನೆಯ ಜಮೀನಿನಲ್ಲೇ ದುಡಿದು, ಆಮೇಲೆ ಚಿತ್ರ ಬರೆಯಲು ಟೋಕಿಯೊಗೆ ಹೋದವರು. ಈ ಕಥೆ 2011ರಿಂದ 2019ರವರೆಗೆ 'ವೀಕ್ಲಿ ಶೋನೆನ್ ಸಂಡೇ' ಪತ್ರಿಕೆಯಲ್ಲಿ ಬಂತು. ನಡುವೆ ಮನೆಯವರೊಬ್ಬರಿಗೆ ಹುಷಾರಿಲ್ಲದಾಗ ವಾರವಾರ ಬರೆಯುವುದನ್ನು ಕಡಿಮೆ ಮಾಡಿ ಮನೆಗೆ ನಿಂತರು. ಎಲ್ಲ ಸೇರಿ 15 ಸಂಪುಟ. ಉಳಿದವನ್ನು ರೂಮ್‌ಮೇಟ್‌ಳ ಅಕ್ಕನಿಂದ ಎರವಲು ಪಡೆದೆ. ಬ್ಯಾಗಿಗೆ ತುಂಬಿಕೊಂಡು ದಸರಾ ರಜೆಗೆ ಊರಿಗೆ ಹೋದೆ.

ಕಥಾನಾಯಕ ಹಚಿಕೆನ್ ಸಪ್ಪೊರೊ ನಗರದ ಹುಡುಗ. ಓದಿನ ಓಟದಲ್ಲಿ ಸೋತು, ಅಪ್ಪನ ಮುಖ ನೋಡಲಾಗದೆ, ಹಾಸ್ಟೆಲ್ ಇದೆ ಅನ್ನುವ ಒಂದೇ ಕಾರಣಕ್ಕೆ ದೂರದ ಕೃಷಿ ಶಾಲೆ ಸೇರುತ್ತಾನೆ. ಬೆಳಗಿನ ಜಾವ ಎದ್ದು ಸಗಣಿ ಬಾಚಬೇಕು. ಮೊಟ್ಟೆ ಎಲ್ಲಿಂದ ಬರುತ್ತದೆ ಅಂತ ಕಣ್ಣಾರೆ ನೋಡಿ ತಿನ್ನಲಾಗದೆ ಒದ್ದಾಡುತ್ತಾನೆ. ಮಾಂಸಕ್ಕೆ ಹೋಗುವ ಪ್ರಾಣಿಗೆ ಹೆಸರಿಡಬೇಡ ಅಂತ ಗೆಳೆಯರು ಎಷ್ಟು ಹೇಳಿದರೂ ಬಡಕಲು ಹಂದಿಮರಿಯೊಂದಕ್ಕೆ ಹೆಸರಿಡುತ್ತಾನೆ. ಅದೂ ಹಂದಿ ಮಾಂಸದ ಊಟವೊಂದರ ಹೆಸರು! ಕೊನೆಗೆ ತನ್ನ ದುಡಿಮೆಯ ದುಡ್ಡಿನಲ್ಲಿ ಅದರ ಮಾಂಸವನ್ನು ತಾನೇ ಕೊಂಡು, ಎಲ್ಲರಿಗೂ ಹಂಚಿ, ತಾನೂ ತಿನ್ನುತ್ತಾನೆ. ಅಳು ತರಿಸಲು ಕೃತಕವಾಗಿ ಕಟ್ಟಿದ ದೃಶ್ಯವಲ್ಲ ಅದು. ಕೊಟ್ಟಿಗೆಯಲ್ಲಿ ಬೆಳೆದವರಿಗೆ ಮಾತ್ರ ಹಾಗೆ ಬರೆಯಲು ಬರುತ್ತದೆ.

ಜಗಲಿಯ ಮೇಲೆ ಅನುವಾದ

ಮಧ್ಯಾಹ್ನ ಜಗಲಿಯಲ್ಲಿ ಕೂತು ಓದುವಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತರು. 'ಅದೇನ್ ಮಗ, ಹಿಂದಿನಿಂದ ಓದ್ತಾ ಇದ್ದೀಯ?' ಜಪಾನಿನವರದು ಬಲದಿಂದ ಎಡಕ್ಕೆ ಅಂತ ವಿವರಿಸಿದೆ. ಚಿತ್ರದಲ್ಲಿ ಹಾಲು ಕರೆಯುವ ಯಂತ್ರ ಕಂಡು, 'ನಮ್ಗೂ ಓದ್ ಹೇಳು, ಏನಂತೆ ಅವ್ರ ಕಷ್ಟ' ಅಂದರು. ಕನ್ನಡ ಪುಸ್ತಕವಾಗಿದ್ದರೆ ಅವರ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದೆ. ಇಲ್ಲದ್ದರಿಂದ ಚಿತ್ರ ತೋರಿಸುತ್ತಾ, ಇಂಗ್ಲಿಷ್ ಮಾತನ್ನು ನಮ್ಮ ಕಡೆಯ ಕನ್ನಡ ಮಾಡಿ ಓದತೊಡಗಿದೆ. ಹಚಿಕೆನ್ ನಮ್ಮೂರ ಹುಡುಗನ ಹಾಗೆ ಮಾತಾಡತೊಡಗಿದ.

ಹೆಸರಿಡಬೇಡ ಅನ್ನುವ ಮಾತು ಬಂದಾಗ ಅಮ್ಮನ ಕೈ ನಿಂತಿತು. 'ನಿಮ್ಮಪ್ಪನೂ ಹಂಗೇ ಅಲ್ವಾ. ಹೆಣ್ಗರೀಗೆ ಗೌರಿ, ತುಂಗೆ ಅಂತ ಹೆಸ್ರು. ಗಂಡ್ಗರ ಹುಟ್ಟಿದ್ರೆ ಯಾವತ್ತಾದ್ರೂ ಹೆಸ್ರಿಟ್ಟಿದ್ದು ನೋಡಿದ್ದೀಯಾ?' ನಾನು ನೋಡಿರಲಿಲ್ಲ. ಇಪ್ಪತ್ತಮೂರು ವರ್ಷ ಅದೇ ಮನೆಯಲ್ಲಿದ್ದು ಗಮನಿಸಿಯೂ ಇರಲಿಲ್ಲ.

ದಿನಕ್ಕೊಂದು ಸಂಪುಟದ ಹಾಗೆ ಓದು ಸಾಗಿತು. ಕೊಮಾಬಾ ಅನ್ನುವ ಗೆಳೆಯನ ಭಾಗ ಬಂತು. ಬೇಸ್‌ಬಾಲ್ ಆಟಗಾರನಾಗಿ ದುಡಿದು ಮನೆಯ ಸಾಲ ತೀರಿಸುವ ಕನಸು ಅವನದು. ಅದಕ್ಕೆ ಮೊದಲೇ ಅವನ ಮನೆಯ ಹೈನುಗಾರಿಕೆ ಸಾಲದಲ್ಲಿ ಮುಳುಗುತ್ತದೆ. ಹಸುಗಳು ಹೋಗುತ್ತವೆ, ಅವನು ಶಾಲೆ ಬಿಡುತ್ತಾನೆ. ಹಸುಗಳಿಲ್ಲದ ಕೊಟ್ಟಿಗೆ. ಆ ಪುಟಕ್ಕೆ ಬಂದಾಗ ನನ್ನ ಗಂಟಲು ಕಟ್ಟಿತು. ಓದಲು ಆಗಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. 'ನಿನ್ ರಿಸಲ್ಟ್ ಬಂದೈತೆ, ಅಲ್ವಾ ಮಗ?'

ತಲೆ ಅಲ್ಲಾಡಿಸಿದೆ. ಬೈಯುತ್ತಾರೆ, ಅಳುತ್ತಾರೆ ಅಂದುಕೊಂಡೆ. ಅಮ್ಮ ಎದ್ದು ಕುಡುಗೋಲು ತಗೊಂಡರು. 'ಹುಲ್ಲಿಗೆ ಹೋಗ್ಬೇಕು, ಹೊತ್ತಾಯ್ತು, ಬಾ. ದಾರೀಲಿ ಹೇಳು.'

ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಎಲ್ಲ ಹೇಳಿದೆ. ಎಷ್ಟು ಅಂಕ ಬಂತು, ಎಷ್ಟು ಬೇಕಿತ್ತು, ಎರಡು ತಿಂಗಳಿಂದ ಏನೇನು ಸುಳ್ಳು ಹೇಳಿದೆ ಅಂತ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಅಪ್ಪನಿಗೆ ಅಮ್ಮನೇ ವಿಷಯ ತಿಳಿಸಿದರು. ಅಪ್ಪ ಕ್ಯಾನು ಕೆಳಗಿಟ್ಟು, ಜೇಬಿನಿಂದ ಡೈರಿಯ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು, ಎಲ್ಲ ಅದರಲ್ಲಿತ್ತು. 'ಇವತ್ ಫ್ಯಾಟ್ ಕಮ್ಮಿ ಬಂದೈತೆ. ಡೈರಿಯವ್ರು ನನ್ನ ಬೈಯಲ್ಲ, ನಾನೂ ಹಸೀಗೆ ಬೈಯಲ್ಲ. ಬರ್ದ್ ಕೊಡ್ತಾರೆ, ನೋಡ್ಕೊಂಡು ಹಿಂಡಿ ಬದಲಾಯಿಸ್ಬೇಕಾ, ಮೇವು ಬದಲಾಯಿಸ್ಬೇಕಾ ಅಂತ ಯೋಚ್ನೆ ಮಾಡ್ತೀನಿ. ಚೀಟೀನೇ ಮುಚ್ಚಿಟ್ರೆ ಏನ್ ಮಾಡೋಕಾಯ್ತದೆ?'

ಅಷ್ಟೇ ಅಂದದ್ದು. ಗೌರಿಯ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತೇನೋ.

ನನ್ನ ಚೀಟಿ

ಆ ರಾತ್ರಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾಲ್ಕು ಗೆರೆ ಎಳೆದೆ. ವಿಮರ್ಶೆ ಬರೆಯಲು ಅಂದಿನಿಂದ ಡೈರಿ ಚೀಟಿಯ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ. ಕಾಮಿಕ್ಸ್, ಸಿನಿಮಾ, ಪುಸ್ತಕ, ಯಾವುದರ ಬಗ್ಗೆ ಬರೆಯುವ ಆಸೆ ಇದ್ದರೂ ನೀವೂ ಬಳಸಿ ನೋಡಿ.

ಲೀಟರ್: ಈ ವಾರ ಕಥೆ ಎಷ್ಟು ಮುಂದೆ ಹೋಯಿತು? ಏನು ನಡೆಯಿತು ಅಂತ ಎರಡು ಸಾಲು, ಗುಟ್ಟು ಒಡೆಯದ ಹಾಗೆ.

ಫ್ಯಾಟ್: ಪುಸ್ತಕ ಮುಚ್ಚಿದ ಮೇಲೂ ಕಣ್ಣಲ್ಲಿ ಉಳಿದ ಒಂದು ಚಿತ್ರ ಯಾವುದು? ಅದು ಯಾವ ಪುಟ? ಯಾಕೆ ಉಳಿಯಿತು?

ಎಸ್‌ಎನ್‌ಎಫ್: ಮೇಲೆ ತೇಲದೆ ಹಾಲನ್ನು ಗಟ್ಟಿ ಮಾಡುವ ಅಂಶ. ಹಿನ್ನೆಲೆಯ ಊರು, ಸಣ್ಣ ಪಾತ್ರ, ಮಾತಿಲ್ಲದ ಚೌಕ. ಸಹಾಯಕರ ಕೆಲಸ ಕಾಣುವುದು ಇಲ್ಲಿಯೇ. ನೀರು ಬೆರೆಸಿದ್ದರೆ ಗೊತ್ತಾಗುವುದೂ ಇಲ್ಲಿಯೇ.

ದರ: ಮುಂದಿನ ವಾರಕ್ಕೆ ಕಾಯುತ್ತೇನೆಯೇ? ಹೌದಾದರೂ ಅಲ್ಲವಾದರೂ ಕಾರಣ ಏನು?

ಮೊದಲು ಬರೆದದ್ದು 'ಸಿಲ್ವರ್ ಸ್ಪೂನ್' ಬಗ್ಗೆ. ಕೊರತೆಯೂ ಕಂಡಿತು. ಕೊನೆಯ ಸಂಪುಟಗಳಲ್ಲಿ ಕಥೆ ಅವಸರದಲ್ಲಿ ಓಡುತ್ತದೆ. ಕೆಲವು ಗೆಳೆಯರ ಭವಿಷ್ಯ ಒಂದೆರಡು ಪುಟದಲ್ಲಿ ಮುಗಿದುಹೋಗುತ್ತದೆ. ಬಿಡುವು ತೆಗೆದುಕೊಂಡ ಲೇಖಕಿಯ ಮನೆಯ ಕಷ್ಟ ಗೊತ್ತಿದ್ದೂ ಅದನ್ನು ಬರೆದೆ. ಕರುಣೆಗೆ ಒಂದು ಅಂಕ ಹೆಚ್ಚು ಹಾಕುವುದು ಹೈನುಗಾರಳಿಗೆ ಮಾಡುವ ಮರ್ಯಾದೆಯಲ್ಲ.

ಎರಡನೆಯದನ್ನು ನನ್ನ ಪರೀಕ್ಷೆಯ ಬಗ್ಗೆ ಬರೆದೆ. ಪ್ರಚಲಿತ ಘಟನೆ ಗಟ್ಟಿ. ಕನ್ನಡ ಪತ್ರಿಕೆ ಗಟ್ಟಿ. ಲೆಕ್ಕದ ಭಾಗದಲ್ಲಿ ಅರ್ಧಕ್ಕರ್ಧ ಊಹೆ, ಋಣ ಅಂಕ ಹೋದದ್ದು ಅಲ್ಲೇ. ಕೊನೆಯ ಇಪ್ಪತ್ತು ಪ್ರಶ್ನೆಗೆ ಸಮಯ ಸಾಲಲಿಲ್ಲ. ಎರಡೂ ಸಲ ಅದೇ ತಪ್ಪು. ಎರಡು ವರ್ಷ ನನ್ನನ್ನು ನಾನು 'ದಂಡ' ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೆ. ಹಾಳೆಯ ಮೇಲೆ ಬರೆದಾಗ ಅಷ್ಟು ದಂಡವೂ ಕಾಣಲಿಲ್ಲ, ಅಷ್ಟು ದೊಡ್ಡ ದುರದೃಷ್ಟವೂ ಕಾಣಲಿಲ್ಲ. ಲೆಕ್ಕ ಕಲಿಯಬೇಕಿತ್ತು, ಕಲಿತಿರಲಿಲ್ಲ.

ಪಿ.ಜಿ. ಬಿಟ್ಟು ಊರಿಗೆ ಬಂದಿದ್ದೇನೆ. ಇನ್ನೊಂದೇ ಸಲ ಬರೆಯುತ್ತೇನೆ, ಅದಾದಮೇಲೆ ನಿಲ್ಲಿಸುತ್ತೇನೆ ಅಂತ ಮನೆಯಲ್ಲಿ ತಾರೀಖು ಸಮೇತ ಹೇಳಿದ್ದೇನೆ. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ದಿನಕ್ಕೆ ಐವತ್ತು ಲೆಕ್ಕ, ಮಧ್ಯಾಹ್ನದ ಮೇಲೆ ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲಿ ನುಡಿ ಟೈಪಿಂಗ್ ಕೆಲಸ. ಸಂಬಳ ದೊಡ್ಡದಲ್ಲ. ನನ್ನ ಖರ್ಚು ನಾನೇ ನೋಡಿಕೊಳ್ಳುವಷ್ಟು ಬರುತ್ತದೆ. ಗೌರಿಯ ದುಡ್ಡು ವಾಪಸು ಬರಲು ಇನ್ನೂ ಬಹಳ ದಿನ ಬೇಕು.

ಇನ್ನೊಂದು ಮಾತು. ಜಂಪ್ ಪತ್ರಿಕೆ ತನ್ನ ಕಥೆಗಳಿಗೆ ಮೂರು ಮಂತ್ರ ಹೇಳಿಕೊಂಡು ಬಂದಿದೆ: ಸ್ನೇಹ, ಪ್ರಯತ್ನ, ಗೆಲುವು. ಮೊದಲಿನೆರಡು ನಮ್ಮ ಕೈಯಲ್ಲಿವೆ. ಮೂರನೆಯದು ಕಟ್ ಆಫ್ ಮೇಲೆ ನಿಂತಿದೆ. ಕೆಲಸ ಹುಡುಕುವ ನಮಗೆ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು. ಮನೆಯವರಿಗೆ ರಿಸಲ್ಟ್ ಹೇಳದೆ ಧಾರಾವಾಹಿ ನಡೆಸುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇವತ್ತೇ ಮುಗಿಸಿಬಿಡಿ. ಮುಂದಿನ ಕಂತು ಬರೆಯುವುದು ಇದಕ್ಕಿಂತ ಕಷ್ಟ.

ಈಗ ಭಾನುವಾರ ರಾತ್ರಿ ಎಂಟೂವರೆಗೆ ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ನಾನು, ಅಮ್ಮ ಕೂರುತ್ತೇವೆ. ಗದಗಿನವಳು ಫೋನಿನಲ್ಲಿ ಸೇರಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಓದಿ ಹೇಳುತ್ತೇನೆ, ಅಮ್ಮನ ತೀರ್ಪನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಒನ್ ಪೀಸ್‌ನ ಲೂಫಿ ಅಮ್ಮನಿಗೆ ಅಷ್ಟೇನೂ ಹಿಡಿಸಿಲ್ಲ, 'ಬರೀ ತಿಂತಾನೆ' ಅನ್ನುತ್ತಾರೆ. ಆದರೂ ಬಿಡುವುದಿಲ್ಲ. ಹೋದ ಭಾನುವಾರ ತೆರೆದರೆ ಹೊಸ ಅಧ್ಯಾಯವಿರಲಿಲ್ಲ, ಓಡಾ ಅವರಿಗೆ ಒಂದು ವಾರದ ಬಿಡುವು. ನಾನು 'ಛೆ' ಅಂದೆ.

'ಪಾಪ, ಇಪ್ಪತ್ತೈದು ವರ್ಷದ ಮೇಲಾಯ್ತು ಅಂದ್ಯಲ್ಲ ಅವ್ರು ಬರಿಯೋಕೆ ಶುರು ಮಾಡಿ. ಒಂದ್ ವಾರ ನಿದ್ದೆ ಮಾಡ್ಲಿ ಬಿಡು' ಅಂದರು ಅಮ್ಮ. 'ನೀನು ಆ ಲೆಕ್ಕದ ಪುಸ್ತಕ ತಗಾ.'